ಕರಿನೆಲದಿಂದ ಕಲ್ಮನೆಗಳ ಗುಡ್ಡಕ್ಕೆ

ಕಾರ್ತೀಕ ಮಾಸದ ಕಡೆಯಲ್ಲಿ ಬರುವ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆಂದು ವಿಜಯಪುರದ ಕಡೆಯಿಂದ ಕಾಲ್ನಡಿಗೆಯಲ್ಲಿಯೇ ಸಾಗಿಬಂದು ಗುಡ್ಡಾಪುರವನ್ನು ಸೇರುವ ಭಕ್ತಸಮೂಹವು, ತಾಯಿ ದಾನಮ್ಮನ ದರ್ಶನವಾಗಿ, ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದ ಬಳಿಕ, ಅಂಗಾಲಿನ ಬೊಕ್ಕೆಗಳಿಗೆ ಎಣ್ಣೆ ಸವರಿಕೊಳ್ಳುತ್ತ ಬಸ್ಸಿನ ದಾರಿ ಕಾಯುವುದನ್ನು ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಮಳೆ ಹಿಂದಾಗಿ, ಬಿಸಿಲು ಇನ್ನೂ ಮೃದುವಾಗಿ, ಬಿಳಿಜೋಳದ ಪೈರು ಮೊಣಕಾಲೆತ್ತರಕ್ಕೆ ಬೆಳೆದಿರುವ ಆ ದಿನಗಳಲ್ಲಿ, ಮನೆಯಿಂದ ಹೇಗೂ ಹೊರಬಿದ್ದ ಯಾತ್ರಿಕನು ನೇರವಾಗಿ ಊರಿಗೆ ಮರಳದೆ ದಕ್ಷಿಣಾಭಿಮುಖವಾಗಿ ಇನ್ನು ಮೂರು ದಿನಗಳ ಪಯಣವನ್ನು ಬೆಳೆಸುವುದಾದರೆ, ಅವನಿಗೆ ಲಭಿಸತಕ್ಕ ದೃಶ್ಯಸಂಪತ್ತು ಎಂಥದೆಂಬುದನ್ನೂ, ಅದನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಿಮಿತ್ತವಾದವನು ನಮ್ಮ ಬಳಗದ ಒಬ್ಬ ತರುಣ. ಅವನು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಇಂಕಾ ಜನರ ಗಿರಿನಗರವಾದ ಮಾಚು ಪಿಚುವಿನ ಚಿತ್ರವನ್ನು ತಂದು ತೋರಿಸಿ, ‘ಕಾಕಾ, ಗುಡ್ಡ ಅಂದ್ರ ಇದು’ ಎಂದ. ಆ ಮಾತಿನಲ್ಲಿ ಅತಿಶಯವೇನೂ ಇರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಪಚಕೂತಿ ಎಂಬ ಅರಸನ ಕಾಲದಲ್ಲಿ ಕಟ್ಟಿದುದೆಂದು ವಿದ್ವಾಂಸರು ಹೇಳುವ, ಸಮುದ್ರಮಟ್ಟದಿಂದ 2430 ಮೀಟರು ಎತ್ತರದಲ್ಲಿ ಮೋಡಗಳ ನಡುವೆ ನಿಂತಿರುವ, 1911ರಲ್ಲಿ ಹೈರಮ್ ಬಿಂಗಮ್ ಎಂಬ ಅಮೆರಿಕನ್ ಅಧ್ಯಾಪಕನ ಮೂಲಕ ಹೊರಜಗತ್ತಿನಲ್ಲಿ ಪ್ರಸಿದ್ಧಿಗೆ ಬಂದ ಆ ನಗರವು ನೋಡತಕ್ಕದ್ದೇ. ಹೋಗಬಲ್ಲವರು ಹೋಗಲಿ; ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಒಣಹವೆಯೆಂಬುದನ್ನೂ, ಪ್ರವೇಶದ ಚೀಟಿಯನ್ನು ಗಂಟೆ ಸಮೇತ ಗೊತ್ತುಮಾಡಿ ಬಹು ಮುಂಚಿತವಾಗಿ ಪಡೆಯಬೇಕೆಂಬುದನ್ನೂ, ದಾರಿಯಲ್ಲಿ ಸಿಕ್ಕುವ ಕುಸ್ಕೊ ಪಟ್ಟಣವು ಮಾಚು ಪಿಚುವಿಗಿಂತಲೂ ಎತ್ತರವಾಗಿ ಸುಮಾರು 3400 ಮೀಟರಿನಲ್ಲಿರುವುದರಿಂದ ಬಯಲುಸೀಮೆಯವರಿಗೆ ತಲೆಶೂಲೆ, ವಾಕರಿಕೆ, ಉಸಿರುಗಟ್ಟುವಿಕೆಗಳು ಬರಬಹುದೆಂಬುದನ್ನೂ, ಆದಕಾರಣ ಮೊದಲ ಎರಡು ದಿನಗಳನ್ನು ವಿಶ್ರಾಂತಿಗೇ ಮೀಸಲಿಡತಕ್ಕದ್ದೆಂಬುದನ್ನೂ ಮರೆಯಬಾರದು.

ನಾನು ಆ ತರುಣನಿಗೆ ಹೇಳಿದ ಮಾತು ಬೇರೆ. ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲನ್ನು ಕೂಡಿಸುವ ಕೌಶಲದಿಂದ ಜಗದ್ವಿಖ್ಯಾತರಾದ ಇಂಕಾ ಜನರಿಗೆ ಅಕ್ಷರಲಿಪಿಯಿರಲಿಲ್ಲ. ಗಂಟುಹಾಕಿದ ದಾರಗಳ ಕುಚ್ಚಿನಲ್ಲಿ ಅವರು ಲೆಕ್ಕಪತ್ರಗಳನ್ನು ಇಡುತ್ತಿದ್ದರು. ಆದುದರಿಂದ ಅವರ ಗೋಡೆಗಳ ಮುಂದೆ ನಿಂತ ಪ್ರವಾಸಿಯು ಬೆರಗಾಗಬಹುದೇ ಹೊರತು ಓದಲಾರ. ಅವರಿಗಿಂತ ಎಂಟುನೂರು ಒಂಬೈನೂರು ವರ್ಷ ಮೊದಲೇ, ಅದೇ ರೀತಿ ಗಾರೆಯಿಲ್ಲದೆ ಕಲ್ಲನ್ನು ಜೋಡಿಸಿ ಗುಡಿ ಕಟ್ಟಿದ ಬಾದಾಮಿ ಚಲುಕ್ಯರಾದರೋ ಯಾವ ಬಂಡೆಯನ್ನು ಯಾರು ಕಡೆದರು, ಯಾವ ಹಳ್ಳಿಯನ್ನು ಯಾರಿಗೆ ಉಂಬಳಿಬಿಟ್ಟರು ಎಂಬುದನ್ನು ಆ ಬಂಡೆಯ ಮೈಮೇಲೆಯೇ, ಹಲವೆಡೆ ನಮ್ಮ ನುಡಿಯಲ್ಲಿಯೇ, ಬರೆದಿಟ್ಟು ಹೋಗಿದ್ದಾರೆ. ಕನ್ನಡಿಗನು ಬಾದಾಮಿಗೆ ಓದುಗನಾಗಿ ಹೋಗಬೇಕು; ಬರಿಯ ನೋಟಕನಾಗಿ ಹೋದರೆ ಅರ್ಧ ಯಾತ್ರೆ ಮಾತ್ರ ಆದಂತೆ.

ಮೊದಲು ಹಾದಿಯ ಮಾತು. ಗುಡ್ಡಾಪುರವು ಜತ್ತ ತಾಲ್ಲೂಕಿನದು, ಸಾಂಗಲಿ ಜಿಲ್ಲೆಯದು; ನಕ್ಷೆಯ ಗೆರೆ ಹೀಗಿದ್ದರೂ ಇಲ್ಲಿನ ಮನೆಮಾತು ಕನ್ನಡ, ಬಂಧುಬಳಗ ಬಹುಮಟ್ಟಿಗೆ ವಿಜಯಪುರದ ಕಡೆಯದು. ಪರಂಪರೆಯು ಹೇಳುವಂತೆ, ಸಮೀಪದ ಉಮರಾಣಿಯಲ್ಲಿ ಲಿಂಗಮ್ಮನೆಂಬ ಹೆಸರಿನಿಂದ ಹುಟ್ಟಿ, 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಂದ ದಾನಮ್ಮನೆಂದು ಕರೆಸಿಕೊಂಡ ಶರಣೆಯ ನೆಲೆ ಇದು. ಇಲ್ಲಿಂದ ಬೆಳಗಿನ ಎಸ್.ಟಿ. ಬಸ್ಸನ್ನಾಗಲಿ ವಡಾಪಿನ ಜೀಪನ್ನಾಗಲಿ ಹಿಡಿದು ವಿಜಯಪುರವನ್ನು ಸೇರಿರಿ. ಅಲ್ಲಿಂದ ಸೋಲಾಪುರ–ಗದಗ ರೈಲುಮಾರ್ಗವು ಆಲಮಟ್ಟಿ, ಬಾಗಲಕೋಟೆಗಳನ್ನು ಹಾಯ್ದು ಬಾದಾಮಿಗೆ ಒಯ್ಯುತ್ತದೆ. ಬಸ್ಸಿಗಿಂತ ರೈಲೇ ಮೇಲು. ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುವಾಗ ಕಿಟಕಿಯ ಪಕ್ಕದಲ್ಲಿ ಕುಳಿತಿರತಕ್ಕದ್ದು, ಏಕೆಂಬುದನ್ನು ಮುಂದೆ ಹೇಳುತ್ತೇನೆ.

ರೈಲಿಗೆ ಹೊತ್ತಿದ್ದರೆ ವಿಜಯಪುರದಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ಪ್ರವೇಶಿಸಿರಿ. ಗುಮ್ಮಟದ ಪಿಸುಮಾತಿನ ಮೊಳಗಿಗೆ ಮರುಳಾಗಿ ಮಂದಿ ಇದನ್ನು ಕಡೆಗಣಿಸಿ ಹೋಗುವುದುಂಟು. ಮಹಾಕೂಟದಲ್ಲಿದ್ದ, ಚಲುಕ್ಯ ಮಂಗಲೇಶನು 602ರ ಸುಮಾರಿಗೆ ನಿಲ್ಲಿಸಿದ ಧರ್ಮಜಯಸ್ತಂಭವು ಈಗ ಇರುವುದು ಇಲ್ಲಿ. ಮೂರನೆಯ ದಿನ ಮಹಾಕೂಟದ ಹೊಂಡದ ದಂಡೆಯಲ್ಲಿ ನಿಂತಾಗ, ಇಲ್ಲಿದ್ದ ಕಂಬವನ್ನು ನಾನು ಆಗಲೇ ನೋಡಿಬಂದಿದ್ದೇನೆ ಎಂಬ ಸಮಾಧಾನವು ನಿಮ್ಮದಾಗುತ್ತದೆ.

ಇನ್ನು ಕಿಟಕಿಯ ವಿಷಯ. ಜತ್ತದಿಂದ ಕೃಷ್ಣಾತೀರದವರೆಗೆ ನಾವು ತುಳಿಯುವ ನೆಲವೆಲ್ಲ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸ. ನಮ್ಮ ಎರೆಮಣ್ಣು ಆ ಕರಿಗಲ್ಲಿನ ಪುಡಿಯೇ. ನದಿಯನ್ನು ದಾಟಿ ಬಾಗಲಕೋಟೆಯತ್ತ ಸರಿದಂತೆಲ್ಲ ನೆಲದ ಬಣ್ಣ ತಿರುಗುತ್ತ ಹೋಗಿ, ಬಾದಾಮಿ ಸಮೀಪಿಸುವಷ್ಟರಲ್ಲಿ ದಿಗಂತದಲ್ಲಿ ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳು ಏಳುತ್ತವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲಾಸಮೂಹಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಲಾದಗಿಯ ಹೆಸರನ್ನಿತ್ತನು. ನಮ್ಮ ಕರಿಗಲ್ಲಿಗಿಂತ ಅನೇಕ ಪಟ್ಟು ಹಳೆಯದಾದ, ಪ್ರಾಣಿಗಳು ನೆಲವನ್ನು ಹತ್ತುವುದಕ್ಕೆ ಬಹು ಮುಂಚೆ ನೀರಿನಡಿಯಲ್ಲಿ ನಿಂತ ಮರಳು ಇದು; ಬಂಡೆಗಳ ಮಗ್ಗುಲನ್ನು ಹತ್ತಿರದಿಂದ ನೋಡಿದರೆ ಓರೆಯಾದ ಪದರಗಳೂ, ಹಳ್ಳದ ದಂಡೆಯಲ್ಲಿ ಇಂದಿಗೂ ಕಾಣುವಂಥ ತೆರೆಗಳ ಗುರುತೂ ಕಲ್ಲಾಗಿ ನಿಂತಿರುವುದು ಕಾಣುತ್ತದೆ. ಉಳಿಗೆ ಮಣಿಯುವಷ್ಟು ಮೃದು, ಹದಿನಾಲ್ಕು ಶತಮಾನ ನಿಲ್ಲುವಷ್ಟು ಗಟ್ಟಿ. ಚಲುಕ್ಯಶಿಲ್ಪದ ಅರ್ಧ ರಹಸ್ಯ ಈ ಕಲ್ಲಿನ ಗುಣದಲ್ಲಿದೆ.

ಬಾದಾಮಿಯ ರೈಲುನಿಲ್ದಾಣದಿಂದ ಊರು ಐದು ಕಿಲೋಮೀಟರಿನಷ್ಟು ದೂರ. ಹಿಂದೆ ಟಾಂಗಾಗಳಿದ್ದವು, ಈಗ ಆಟೋ, ಟಂಟಂಗಳು. ಬಸ್‌ನಿಲ್ದಾಣದ ಆಸುಪಾಸಿನಲ್ಲಿ ಎಲ್ಲ ದರದ ವಸತಿಗೃಹಗಳುಂಟು. ಅಂದು ಸಂಜೆ ಎಲ್ಲಿಗೂ ಹೋಗದೆ ಅಗಸ್ತ್ಯತೀರ್ಥದ ಮೂಡಣ ತುದಿಗೆ ನಡೆದು ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಕುಳಿತಿರಿ. ಮುಳುಗುವ ಸೂರ್ಯನ ಬೆಳಕು ಕೆರೆಯ ನೀರಿನಿಂದ ಪುಟಿದು ಗುಡಿಯ ಮೈಗೂ ಹಿಂದಣ ಬಂಡೆಗೂ ತಾಗುವ ಆ ಅರ್ಧಗಂಟೆಯನ್ನು ತಪ್ಪಿಸಿಕೊಂಡವರು ಬಾದಾಮಿಯನ್ನು ನೋಡಿದೆವೆಂದು ಹೇಳದಿರುವುದು ಒಳ್ಳೆಯದು. ಶ್ರಾವಣ ಭಾದ್ರಪದಗಳಲ್ಲಿ ಬಂದವರಿಗೆ, ಜೋರು ಮಳೆಯ ಮರುಗಳಿಗೆಯಲ್ಲಿ, ಬಂಡೆಯ ನೆತ್ತಿಯಿಂದ ಜೋಡಿಯಾಗಿ ಧುಮುಕುವ ಅಕ್ಕ–ತಂಗಿ ಜಲಧಾರೆಯೂ ದೊರೆಯಬಹುದು. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಅದು ಸೊರಗಿಹೋಗುವುದರಿಂದ ಅದನ್ನೇ ನೆಚ್ಚಿ ಹೊರಡತಕ್ಕದ್ದಲ್ಲ.

ಎರಡನೆಯ ದಿನದ ಕ್ರಮದಲ್ಲಿ ನನ್ನದು ಲೋಕಾರೂಢಿಗೆ ವಿರುದ್ಧವಾದ ಅಭಿಪ್ರಾಯ. ಎಲ್ಲರೂ ಬೆಳಿಗ್ಗೆಯೇ ತೆಂಕಣ ಗುಡ್ಡದ ಗುಹಾಲಯಗಳಿಗೆ ಮುಗಿಬಿದ್ದು, ಸುಡುಬಿಸಿಲಿನ ಹೊತ್ತಿಗೆ ಬಡಗಣ ಗುಡ್ಡವನ್ನು ಹತ್ತಲು ಹೊರಟು, ಅರ್ಧಕ್ಕೇ ಹಿಂದಿರುಗುತ್ತಾರೆ. ಗುಹೆಗಳು ತೆಂಕಣ ಗುಡ್ಡದ ಬಡಗಣ ಮಗ್ಗುಲಲ್ಲಿ ಕೊರೆದವುಗಳಾದುದರಿಂದ ಚಳಿಗಾಲದ ನಡುಹಗಲಿನಲ್ಲಿಯೂ ಅಲ್ಲಿ ನೆರಳು ತಂಪಾಗಿರುತ್ತದೆ. ಬಡಗಣ ಕೋಟೆಗೆ ಅಂಥ ಆಸರೆಯಿಲ್ಲ. ಆದಕಾರಣ ಬೆಳಕು ಹರಿದೊಡನೆ ವಸ್ತುಸಂಗ್ರಹಾಲಯದ ಮಗ್ಗುಲಿನ ದಾರಿಯಿಂದ, ಎರಡು ಆಳು ಎದುರುಬದುರಾದರೆ ಒಬ್ಬನು ನಿಲ್ಲಬೇಕಾಗುವಷ್ಟು ಇಕ್ಕಟ್ಟಾದ ಬಂಡೆಯ ಬಿರುಕಿನಲ್ಲಿ, ಮೇಲೇರಿರಿ. ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಬೇರೊಂದು ಕೋಡಿನ ಮೇಲೆ ಒಂಟಿಯಾಗಿ ನಿಂತ ಮಾಲೆಗಿತ್ತಿ ಶಿವಾಲಯ ಇವುಗಳನ್ನು ನೋಡುವುದಕ್ಕೆ ಎರಡೂವರೆ ಗಂಟೆ ಬೇಕು. ಮೊದಲನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದ ಸಂಗತಿಯನ್ನು ಸಾರುವ ಸಂಸ್ಕೃತಶಾಸನ ಇದೇ ಕಡೆಯ ಕಡಿಬಂಡೆಯ ಮೇಲಿದೆ. ನೂರು ವರ್ಷ ತುಂಬುವ ಮೊದಲೇ, 642ರಲ್ಲಿ, ಪಲ್ಲವ ನರಸಿಂಹವರ್ಮನು ಅದೇ ಕೋಟೆಯನ್ನು ಗೆದ್ದು ವಾತಾಪಿಕೊಂಡನೆನಿಸಿದ. ಎರಡು ಸಂಗತಿಗಳನ್ನೂ ಒಂದೇ ಗುಡ್ಡದ ಮೇಲೆ ನಿಂತು ನೆನೆಯುವುದು ಸಾಧ್ಯವಾದೀತು.

ಇಳಿದುಬಂದವರು ತಟ್ಟುಕೋಟಿಯ ಕಡೆಗೆ ತಿರುಗದೆ ಹೋಗಬಾರದು. ಕೆರೆಯ ಈಶಾನ್ಯದ ಮೇಲ್ಬಂಡೆಯಲ್ಲಿ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳುವ, ಸುಮಾರು 700ರ ಕಾಲದ ಶಾಸನವೊಂದಿದೆ. ಒಳ್ಳೆಯವರಿಗೆ ಒಳ್ಳೆಯವನೂ ಕೆಟ್ಟವರಿಗೆ ಕಡುಕೆಟ್ಟವನೂ ಆಗಿದ್ದನೆಂದು ಅವನ ಬಿರುದು. ಗರತಿಯರ ಬೀಸುಕಲ್ಲಿನ ಹಾಡಿನಲ್ಲಿ ನಾವು ಇಂದಿಗೂ ಕೇಳುವ ತ್ರಿಪದಿ ಛಂದಸ್ಸು ನಮಗೆ ಮೊದಲು ಸಿಕ್ಕುವುದು ಆ ಬಂಡೆಯ ಮೇಲೆ. ಪಠ್ಯಪುಸ್ತಕದಲ್ಲಿ ಅದನ್ನು ಕಂಠಪಾಠ ಮಾಡಿದ ಮಕ್ಕಳನ್ನು ಕರೆದೊಯ್ದರೆ ಅವರ ಮುಖವನ್ನು ನೋಡಬೇಕು.

ಅನಂತರ ಗುಹೆಗಳು. ಮೊದಲನೆಯದರ ಬಾಗಿಲಿನ ಪಕ್ಕದಲ್ಲಿಯೇ ಹದಿನೆಂಟು ಕೈಗಳ ನಟರಾಜ, ಎರಡನೆಯದರಲ್ಲಿ ವರಾಹ, ತ್ರಿವಿಕ್ರಮ, ನಾಲ್ಕನೆಯದು ಜಿನಾಲಯ. ಇವನ್ನೆಲ್ಲ ಮಾರ್ಗದರ್ಶಕರು ಚೆನ್ನಾಗಿ ವಿವರಿಸುತ್ತಾರೆ, ನಾನು ವಿಸ್ತರಿಸಬೇಕಾದುದಿಲ್ಲ. ಮೂರನೆಯದರಲ್ಲಿ ಮಾತ್ರ ಒಂದು ಗಂಟೆ ನಿಲ್ಲಿರಿ. ಇದು ನಾಲ್ಕರಲ್ಲಿ ದೊಡ್ಡದು. ಆದಿಶೇಷನ ಮೇಲೆ ಕುಳಿತ ವಿಷ್ಣು, ಕಂಬಗಳ ಮೇಲ್ಭಾಗದ ಮಿಥುನಗಳು, ಸೂರಿನಡಿಯಲ್ಲಿ ಮಾಸಿದ ವರ್ಣಚಿತ್ರದ ಅವಶೇಷ ಎಲ್ಲವೂ ಇಲ್ಲುಂಟು. ಒಳಗಿನ ಅರೆಗಂಬದ ಮೇಲಿನ ಸಂಸ್ಕೃತಶಾಸನವು, ಮಂಗಲೇಶನು ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಕಾಲದಲ್ಲಿ, ಶಕವರ್ಷ 500ರ ಕಾರ್ತೀಕ ಹುಣ್ಣಿಮೆಯಂದು ಈ ವಿಷ್ಣುಗೃಹವನ್ನು ಪ್ರತಿಷ್ಠಿಸಿದನೆಂದು ಹೇಳುತ್ತದೆ, ಅದು ಕ್ರಿ.ಶ. 578. ಗುಡ್ಡಾಪುರದ ಜಾತ್ರೆಗೆ ಹದಿನೈದು ದಿನ ಮೊದಲು ಬರುವ ಹುಣ್ಣಿಮೆಯೇ ಅದು ಎಂಬುದನ್ನು ನಮ್ಮ ಕಡೆಯ ಯಾತ್ರಿಕರು ಗಮನಿಸಬಹುದು. ಹೊರಗಿನ ಬಂಡೆಯ ಮೇಲೆ ಅದೇ ಮಂಗಲೇಶನ ಪುಟ್ಟ ಕನ್ನಡ ಶಾಸನವಿದೆ. ಲಂಜಿಗೇಸರವೆಂಬ ಊರನ್ನು ಅವನು ಈ ‘ಕಲ್ಮನೆ’ಗೆ ಬಿಟ್ಟನೆಂಬುದೇ ಅದರ ತಾತ್ಪರ್ಯ. ಗುಹೆ, ಗುಹಾಲಯ, ಲಯನ ಎಂಬ ಪದಗಳನ್ನೆಲ್ಲ ಸಂಸ್ಕೃತದಿಂದ ಎರವು ತಂದ ನಾವು, ಹದಿನಾಲ್ಕು ನೂರು ವರ್ಷಗಳ ಹಿಂದೆ ಅರಮನೆಯ ಲೇಖಕನೊಬ್ಬ ಇದಕ್ಕೆ ಕಲ್ಮನೆಯೆಂದು ಅಚ್ಚಗನ್ನಡದಲ್ಲಿ ಹೆಸರಿಟ್ಟಿದ್ದನೆಂಬುದನ್ನು ಮರೆತದ್ದು ಯಾವಾಗಲೋ! ನಮ್ಮ ಹೆಣ್ಣುಮಕ್ಕಳು ಈಗಲೂ ಹಾಗೆಯೇ ಹೇಳಿಯಾರು: ಕಲ್ಲಿನ ಮನೆ.

ಊಟಕ್ಕೆ ಊರಿನ ಖಾನಾವಳಿಗಳು ಬೇಡ. ಐದು ಕಿಲೋಮೀಟರಿನ ಬನಶಂಕರಿಗೆ ಹೋಗಿ, ಮೂರು ಕಡೆ ಕಂಬಸಾಲಿನ ಕೈಸಾಲೆಯುಳ್ಳ ಹರಿದ್ರಾತೀರ್ಥದ ನೆರಳಿನಲ್ಲಿ ಕುಳಿತರೆ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತ ತಾಯಂದಿರು ತಾವೇ ಬಂದು ‘ಉಣ್ತೀರೇನ್ರಿ’ ಎಂದು ಕೇಳುತ್ತಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಕಾಳುಪಲ್ಲೆ, ಗಡಿಗೆಯ ಗಟ್ಟಿ ಮೊಸರು. ದರ ಮೊದಲೇ ಕೇಳಿಕೊಳ್ಳಿರಿ, ಚೌಕಾಸಿ ಮಾಡಬೇಡಿರಿ. ಪುಷ್ಯದ ಬನದ ಹುಣ್ಣಿಮೆಗೆ ತೊಡಗಿ ತಿಂಗಳೊಪ್ಪತ್ತು ನಡೆಯುವ ಜಾತ್ರೆಯ ಕಾಲದಲ್ಲಿ ಇಲ್ಲಿ ನಾಟಕ ಕಂಪನಿಗಳ ಡೇರೆಗಳು ಸಾಲುಗಟ್ಟುತ್ತವೆ. ರಾತ್ರಿಯೆಲ್ಲ ನಾಟಕ ನೋಡುವ ಉತ್ಸಾಹವುಳ್ಳವರು ಆಗಲೇ ಬರಲಿ, ಶಾಂತವಾಗಿ ಶಾಸನ ನೋಡಬೇಕೆನ್ನುವವರು ಆ ತಿಂಗಳನ್ನು ಬಿಡಲಿ.

ಕಾಲಲ್ಲಿ ಕಸುವುಳ್ಳವರಿಗೆ ಇಲ್ಲಿ ಇನ್ನೊಂದು ದಿನವನ್ನು ಕೂಡಿಸಿಕೊಳ್ಳುವಂತೆ ನಾನು ಸಲಹೆ ಕೊಡುವೆನು. ಬಾದಾಮಿಯ ಗುಡ್ಡಗಳ ಮೇಲೆ ಕುರುಚಲು ಕಾಡಿನೊಳಗೆ ನಡೆದು ಹೋದರೆ ಸಿಡಿಲಫಡಿ ಎಂಬ ನಿಸರ್ಗದ ಕಲ್ಲುಕಮಾನು ಸಿಕ್ಕುತ್ತದೆ. ಫಡಿ ಎಂದರೆ ಈ ಕಡೆಯ ಮಾತಿನಲ್ಲಿ ಬಂಡೆಯ ಆಸರೆ. ಮಾಳಿಗೆಯಂತಿರುವ ಆ ಬಂಡೆಯಲ್ಲಿ ಬಿದ್ದಿರುವ ತೂತುಗಳು ಸಿಡಿಲು ಹೊಡೆದು ಆದವೆಂದು ಜನರ ನಂಬಿಕೆ. ಅದರ ಕೆಳಗೆ ಪ್ರಾಗೈತಿಹಾಸಿಕ ಮಾನವನು ಬರೆದ ಚಿತ್ರಗಳು ಮಸುಕಾಗಿ ಉಳಿದಿವೆ. ದಾರಿಯಲ್ಲಿ ಫಲಕಗಳನ್ನು ನೆಚ್ಚುವಂತಿಲ್ಲ, ಕವಲುಗಳು ಬಹಳ. ಊರಿನ ದನಗಾಹಿಯನ್ನಾಗಲಿ ಪರವಾನಗಿಯುಳ್ಳ ಮಾರ್ಗದರ್ಶಕನನ್ನಾಗಲಿ ಜೊತೆಗಿಟ್ಟುಕೊಳ್ಳದೆ ಹೋಗಕೂಡದು. ನಾನು ಒಮ್ಮೆ, ಎಲ್ಲ ಬಲ್ಲೆನೆಂಬ ಹಮ್ಮಿನಿಂದ, ಚೈತ್ರಮಾಸದ ಹನ್ನೊಂದು ಗಂಟೆಗೆ ಒಂದೇ ಬಾಟಲಿ ನೀರಿನೊಡನೆ ಒಬ್ಬನೇ ಹೊರಟು, ಎರಡು ಗಂಟೆ ಅಲೆದು, ಫಡಿಯನ್ನು ಕಾಣದೆಯೇ, ಕುರಿ ಕಾಯುವ ಹುಡುಗನೊಬ್ಬನ ಸೋರೆಬುರುಡೆಯ ನೀರು ಕುಡಿದು ಹಿಂದಿರುಗಿದೆ. ಆಂಡಿಸ್ ಪರ್ವತದಲ್ಲಿ ಎತ್ತರವು ಯಾತ್ರಿಕನ ಉಸಿರನ್ನು ಕದಿಯುವುದಾದರೆ, ಇಲ್ಲಿ ಆ ಕೆಲಸವನ್ನು ಮಾಡುವುದು ಬಿಸಿಲು. ನಡೆಯಲಾರದವರು ನಿರಾಶರಾಗಬೇಕಿಲ್ಲ, ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ಸಿಡಿಲಫಡಿಯ ಪ್ರತಿರೂಪವನ್ನೇ ನಿರ್ಮಿಸಿದ್ದಾರೆ, ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಚೆಲುವಾದ ವಿಗ್ರಹವೂ ಅಲ್ಲಿಯೇ ಇದೆ.

ಕೊನೆಯ ದಿನಕ್ಕೆ ಒಂದು ವಾಹನವನ್ನು ಗೊತ್ತುಮಾಡಿಕೊಳ್ಳಿರಿ. ಮಹಾಕೂಟ, ಪಟ್ಟದಕಲ್ಲು, ಐಹೊಳೆ ಇವು ಒಂದೇ ದಾರಿಯ ಮೂರು ನಿಲುಗಡೆಗಳು. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರು, ಅಲ್ಲಿಂದಾಚೆ ಐಹೊಳೆಗೆ ಇನ್ನೂ ಕಡಿಮೆ. ಮಹಾಕೂಟದ ಹೊಂಡಕ್ಕೆ ನೆಲದೊಳಗಿನ ಸೆಲೆಯೇ ಆಧಾರ. ಊರ ಹುಡುಗರು ಅದರಲ್ಲಿ ಈಜುಬಿದ್ದಿರುತ್ತಾರೆ. ಬಾದಾಮಿಯಿಂದ ಬೆಟ್ಟದ ಮೇಲೆಯೇ ಬರುವ ಹಳೆಯ ಕಾಲುದಾರಿಯು ಇಲ್ಲಿ ಮುಗಿಯುವಲ್ಲಿ, ಎಲುಬಿನ ಹಂದರದಂಥ ಎರಡು ವಿಗ್ರಹಗಳು ಕಾವಲು ನಿಂತ ಪ್ರಾಚೀನ ದ್ವಾರವೊಂದಿದೆ. ವಾಹನದಲ್ಲಿ ಬಂದವರು ಅದನ್ನು ಕಾಣದೆಯೇ ಹೋಗುತ್ತಾರೆ, ಕೇಳಿ ಹೋಗಿ ನೋಡಿರಿ.

ಪಟ್ಟದಕಲ್ಲು 1987ರಿಂದ ವಿಶ್ವಪರಂಪರೆಯ ತಾಣವಾದುದರಿಂದ ಅದರ ಬಗ್ಗೆ ಪುಸ್ತಕಗಳಿಗೆ ಕೊರತೆಯಿಲ್ಲ. ಉತ್ತರಕ್ಕೆ ತಿರುಗಿ ಹರಿಯುವ ಮಲಪ್ರಭೆಯ ದಂಡೆಯಲ್ಲಿ, ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿಯು 740ರ ಸುಮಾರಿಗೆ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಪೂರ್ವದ್ವಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಿರಿ: ಅನಿವಾರಿತಾಚಾರಿ ಗುಂಡನೆಂಬ ಸೂತ್ರಧಾರಿಯ ಹೆಸರು ಅಲ್ಲಿಯ ಕನ್ನಡ ಶಾಸನದಲ್ಲಿದೆ. ಮಾಚು ಪಿಚುವನ್ನು ಕಟ್ಟಿದ ಒಬ್ಬನೇ ಒಬ್ಬ ಕಲ್ಲುಕುಟಿಗನ ಹೆಸರೂ ಜಗತ್ತಿಗೆ ಉಳಿದಿಲ್ಲ.

ಐಹೊಳೆಯಲ್ಲಿ ಗುಡಿಗಳು ನೂರಕ್ಕೂ ಮಿಕ್ಕಿವೆ. ಎಲ್ಲವನ್ನೂ ನೋಡುವ ಹಟ ಬೇಡ. ದುರ್ಗದ ಗುಡಿಯನ್ನೂ ರಾವಣಫಡಿಯನ್ನೂ ನೋಡಿದವರು ಉಳಿದ ಹೊತ್ತನ್ನು ಮೇಗುತಿ ಗುಡ್ಡಕ್ಕೆ ಕೊಡತಕ್ಕದ್ದು. ಅರ್ಧ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯ. ನೆತ್ತಿಯ ಮೇಲೆ, ಶಕವರ್ಷ 556ರಲ್ಲಿ ಕವಿ ರವಿಕೀರ್ತಿಯು ಕಟ್ಟಿಸಿದ ಜಿನಾಲಯ. ಅದರ ಗೋಡೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹಾಡಿ ಮುಗಿಸಿದ ರವಿಕೀರ್ತಿ, ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಆ ಮಹಾಕವಿಗಳ ಕಾಲವನ್ನು ನಿರ್ಣಯಿಸುವ ವಿದ್ವಾಂಸರಿಗೆ ಅವನ ಈ ಆತ್ಮಪ್ರಶಂಸೆ ಎಷ್ಟು ನೆರವಾಯಿತೆಂದರೆ, ಅದಕ್ಕಾಗಿ ಅವನ ಹಮ್ಮನ್ನು ಮನ್ನಿಸಲೇಬೇಕು. ಗುಡಿಯ ಹಿಂದೆ ಗುಡ್ಡದ ಬೆನ್ನಿನ ಮೇಲೆ ಇನ್ನೂ ನೂರಾರು ವರ್ಷ ಹಳೆಯವಾದ, ನಿಲುಗಲ್ಲುಗಳ ಮೇಲೆ ಚಪ್ಪಡಿ ಹೊದಿಸಿದ ಶಿಲಾಸಮಾಧಿಗಳಿವೆ. ಗುಂಪುಗಳು ಇಲ್ಲಿಯವರೆಗೆ ಬರುವುದಿಲ್ಲ. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಳೆಗಾಲದವರು ಐಹೊಳೆಯ ಬಳಿಯ ಸಿದ್ಧನಕೊಳ್ಳವನ್ನೂ ದಾರಿಯಲ್ಲಿ ಸೇರಿಸಿಕೊಳ್ಳಬಹುದು, ಗುಡಿಯ ನೆತ್ತಿಯ ಬಂಡೆಯಿಂದ ಆಗ ನೀರು ಸುರಿಯುತ್ತಿರುತ್ತದೆ.

ಇನ್ನು ಕೆಲವು ಸಣ್ಣ ಮಾತುಗಳು. ಬಾದಾಮಿಯ ಮಂಗಗಳು ಚೀಲದ ಜಿಪ್ಪನ್ನೂ ಎಳೆಯಬಲ್ಲವು. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಗುಹೆಯ ಮೆಟ್ಟಿಲು ಹತ್ತಬೇಡಿರಿ. ಪೂಜೆಯಿರುವ ಗುಡಿಗಳಲ್ಲಿ ಪಾದರಕ್ಷೆ ಬಿಡಬೇಕಾದುದರಿಂದ ಒಂದು ಜೋಡಿ ಕಾಲುಚೀಲ ಇಟ್ಟುಕೊಳ್ಳುವುದು ಜಾಣತನ. ಮಧ್ಯಾಹ್ನದ ಮರಳುಗಲ್ಲು ಕಾವಲಿಯಂತೆ ಕಾದಿರುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ. ಅಕ್ಷರ ಎದ್ದು ಕಾಣಲೆಂದು ಶಾಸನಕ್ಕೆ ಸುಣ್ಣದಕಡ್ಡಿ ತಿಕ್ಕುವವರನ್ನೂ, ವಿಗ್ರಹಕ್ಕೆ ಎಣ್ಣೆ ಬಳಿಯುವವರನ್ನೂ ಕಂಡರೆ ಸುಮ್ಮನಿರಬೇಡಿರಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ನಿಲ್ಲುತ್ತವೆ, ಇಲ್ಲದಿದ್ದರೆ ಕೈಬತ್ತಿಯನ್ನು ಮಗ್ಗುಲಿನಿಂದ ಹಿಡಿದರೆ ಸಾಕು.

ಮೂರನೆಯ ಗುಹೆಯ ಹೊರಗಿನ ಆ ಕನ್ನಡ ಶಾಸನವನ್ನು ನಿಮ್ಮ ಮಾರ್ಗದರ್ಶಕನು ತೋರಿಸದೆ ಮುಂದೆ ಸಾಗಿದರೆ, ತಡೆದು ಕೇಳಿರಿ. ವಿಜಯಪುರದ ಮತ್ತು ಬಾದಾಮಿಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಜಾತ್ರೆಯ ದಿನದಿಂದ ಎಣಿಸಿಕೊಂಡು ಹೊರಡಿರಿ.